ಹೋಪ್ ರಸ್ತೆಯ ಬಡಗಿ ಸಾಹುಕಾರ

ಜಮೈಕಾದ ಕಿಂಗ್‌ಸ್ಟನ್ ಎಂದರೆ ನನ್ನ ಪಾಲಿಗೆ ಬಹುಕಾಲ ಸಬೀನಾ ಪಾರ್ಕ್ ಕ್ರಿಕೆಟ್ ಮೈದಾನ ಅಷ್ಟೇ ಆಗಿತ್ತು. 2006ರಲ್ಲಿ ಅಲ್ಲಿ ದ್ರಾವಿಡ್ ಎರಡೂ ಇನಿಂಗ್ಸಿನಲ್ಲಿ ಅರ್ಧಶತಕ ಹೊಡೆದು, ಕುಂಬ್ಳೆ ಕೊನೆಯ ಇನಿಂಗ್ಸಿನಲ್ಲಿ ಆರು ವಿಕೆಟ್ ಕಿತ್ತು, ಮೂವತ್ತೈದು ವರ್ಷಗಳ ಮೇಲೆ ಭಾರತ ವೆಸ್ಟ್ ಇಂಡೀಸ್ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದಾಗ ನಮ್ಮ ಮನೆಯವರೆಲ್ಲ ನಡುರಾತ್ರಿ ಕಳೆದರೂ ಟಿವಿ ಮುಂದೆ ಕೂತಿದ್ದೆವು. ಆಮೇಲೆ ಮಗಳಿಗೆ ಅದೇ ಊರಿನಲ್ಲಿ ಕೆಲಸ ಸಿಕ್ಕಿತು. ನಿವೃತ್ತಿಯಾದ ಮರುವರ್ಷ ನಾನೂ ಮೂರು ತಿಂಗಳು ಅವಳ ಜೊತೆ ಇದ್ದು ಬಂದೆ.

ಹೋದ ಮೊದಲ ಭಾನುವಾರವೇ ಅವಳು ನನ್ನನ್ನು ಡೆವನ್ ಹೌಸ್‌ಗೆ ಕರೆದೊಯ್ದಳು. ಐಸ್‌ಕ್ರೀಮ್ ತಿನ್ನಲಿಕ್ಕೆ. ಭಾನುವಾರ ಸಂಜೆ ಅರ್ಧ ಕಿಂಗ್‌ಸ್ಟನ್ ಅಲ್ಲಿರುತ್ತದೆ ಎನ್ನಬೇಕು. ಚರ್ಚಿನ ಉಡುಪಿನಲ್ಲೇ ಬಂದ ಅಜ್ಜಿಯರು, ರಿಬ್ಬನ್ ಕಟ್ಟಿಕೊಂಡ ಮಕ್ಕಳು, ಕೈಕೈ ಹಿಡಿದ ಜೋಡಿಗಳು. ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ರಮ್ ಮತ್ತು ಒಣದ್ರಾಕ್ಷಿಯದು, ತೆಂಗಿನಕಾಯಿಯದು, ಮುಳ್ಳುರಾಮಫಲದ್ದು, ಮಾವಿನದು ಎಂದು ಮಗಳು ಬಗೆಗಳನ್ನು ಹೇಳುತ್ತಿದ್ದಳು. ನನ್ನ ಕಣ್ಣು ಮಾತ್ರ ಸಾಲಿನಾಚೆ, ಹುಲ್ಲುಹಾಸಿನ ಮೇಲೆ ನಿಂತಿದ್ದ ಬಿಳಿಯ ಮಹಡಿ ಮನೆಯ ಮೇಲಿತ್ತು. ಎರಡು ಅಂತಸ್ತು, ಅದರ ಮೇಲೊಂದು ಅಟ್ಟ, ಸುತ್ತ ಜಗಲಿ, ಮುಂದೆ ಮೆಟ್ಟಿಲು. ಯಾವ ಬಿಳಿಯ ಜಮೀನ್ದಾರನದೋ ಎಂದುಕೊಂಡೆ. ಕೇಳಿದ್ದಕ್ಕೆ, ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸು ತಿರುಗಿ, ಅದು ನಮ್ಮವನೊಬ್ಬ ಕಟ್ಟಿಸಿದ ಮನೆ ಎಂದರು. ಆ 'ನಮ್ಮವನು' ಎಂಬ ಮಾತನ್ನು ಅವರು ಒತ್ತಿ ಹೇಳಿದ ರೀತಿ ನನ್ನಲ್ಲಿ ಉಳಿದುಬಿಟ್ಟಿತು.

ಆ ಮನುಷ್ಯನ ಹೆಸರು ಜಾರ್ಜ್ ಸ್ಟೀಬೆಲ್. ಜಮೈಕಾದ ಮೊದಲ ಕರಿಯ ಲಕ್ಷಾಧೀಶ ಎಂದು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಮನೆ ಕಟ್ಟಿಸಿದ್ದು 1881ರಲ್ಲಿ. ಗುಲಾಮಗಿರಿ ಮುಗಿದು ಇನ್ನೂ ಐವತ್ತು ವರ್ಷವೂ ಆಗಿರಲಿಲ್ಲ.

ನಾನು ಬ್ಯಾಂಕಿನಲ್ಲಿ ದುಡಿದವಳು. ಹೆಚ್ಚಿನ ವರ್ಷಗಳು ಕಳೆದದ್ದು ಸಣ್ಣ ವ್ಯಾಪಾರಿಗಳ ಸಾಲದ ಮೇಜಿನಲ್ಲಿ. ಯಾರಾದರೂ ಹಣ ಮಾಡಿದ ಕಥೆ ಹೇಳಿದರೆ ನನ್ನ ಮನಸ್ಸು ತಾನಾಗಿ ಮೂರು ಪ್ರಶ್ನೆ ಕೇಳುತ್ತದೆ. ಮೊದಲ ಬಂಡವಾಳ ಎಲ್ಲಿಂದ ಬಂತು? ಕೈಕಸುಬು ಏನು? ಒಮ್ಮೆ ಮುಳುಗಿದ ಮೇಲೆ ಹೇಗೆ ಎದ್ದ? ಈ ಮೂರಕ್ಕೂ ಉತ್ತರ ಸಿಗದ ಯಶಸ್ಸಿನ ಕಥೆಯನ್ನು ನಾನು ನಂಬುವುದಿಲ್ಲ. ಸ್ಟೀಬೆಲ್ಲನ ಬದುಕಿನಲ್ಲಿ ಮೂರಕ್ಕೂ ಉತ್ತರವಿದೆ. ಅದಕ್ಕೇ ಆ ಬೇಸಿಗೆಯಲ್ಲಿ ನಾನು ಆ ಮನೆಗೆ ಮತ್ತೆ ಮತ್ತೆ ಹೋದೆ, ಮಗಳ ಗ್ರಂಥಾಲಯದ ಕಾರ್ಡಿನಲ್ಲಿ ಪುಸ್ತಕ ತರಿಸಿ ಓದಿದೆ.

ಸ್ಟೀಬೆಲ್ ಹುಟ್ಟಿದ್ದು 1820ರ ಆಸುಪಾಸಿನಲ್ಲಿ, ಕಿಂಗ್‌ಸ್ಟನ್ನಿನಲ್ಲಿ. ಅಪ್ಪ ಜರ್ಮನಿಯ ಮೂಲದ ಯೆಹೂದಿ ವ್ಯಾಪಾರಿ. ಅಮ್ಮ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಜಮೈಕಾದ ಕರಿಯ ಹೆಂಗಸು. ಆ ಕಾಲದ ಕೆರಿಬಿಯನ್ ಊರುಗಳಲ್ಲಿ ಇಂಥ ಮಕ್ಕಳು ಸಾವಿರಾರು. ಅಪ್ಪಂದಿರಲ್ಲಿ ಬಹಳ ಮಂದಿ ಅವರನ್ನು ಮಕ್ಕಳೆಂದು ಒಪ್ಪಿದವರಲ್ಲ. ಈ ವ್ಯಾಪಾರಿ ಒಪ್ಪಿಕೊಂಡ, ಹೆಸರು ಕೊಟ್ಟ, ಮುಂದೆ ದುಡ್ಡನ್ನೂ ಕೊಟ್ಟ. ಸ್ಟೀಬೆಲ್ಲನ ಕಥೆ ಹೇಳುವವರು ಈ ಅಪ್ಪನನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಆ ಅಪ್ಪ ನಿಂತಿದ್ದ ಜಾಗವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಜಮೈಕಾದಲ್ಲಿ ಯೆಹೂದಿ ವ್ಯಾಪಾರಿಗಳು ಸ್ಪೇನಿನವರ ಕಾಲದಿಂದಲೂ ಇದ್ದರು. 1655ರಲ್ಲಿ ಇಂಗ್ಲಿಷರು ದ್ವೀಪ ಹಿಡಿದ ಮೇಲೆ ಅವರ ಸಂಖ್ಯೆ ಹೆಚ್ಚಿತು. ಸಕ್ಕರೆ ತೋಟಗಳು ಬಿಳಿಯ ಜಮೀನ್ದಾರರ ಕೈಯಲ್ಲಿದ್ದರೆ, ಬಂದರಿನ ಅಂಗಡಿ, ಆಮದು ರಫ್ತು, ಸಾಲದ ಪತ್ರ ಇವೆಲ್ಲ ಈ ವ್ಯಾಪಾರಿಗಳ ಕೈಯಲ್ಲಿದ್ದವು. ಹಣವಿತ್ತು, ಹಕ್ಕಿರಲಿಲ್ಲ. ಮತ ಹಾಕುವಂತಿರಲಿಲ್ಲ, ಶಾಸನಸಭೆಯಲ್ಲಿ ಕೂರುವಂತಿರಲಿಲ್ಲ. ಅಮ್ಮನ ಕಡೆಯವರ ಪಾಡು ಇನ್ನೂ ಕೆಳಗೆ. ಗುಲಾಮರಲ್ಲದ, ಬಿಳಿಯರೂ ಅಲ್ಲದ ಜನರನ್ನು ಅಲ್ಲಿ ಬಣ್ಣದ ಜನ ಎಂದು ಬೇರೆ ಎಣಿಸುತ್ತಿದ್ದರು. ರಕ್ತದಲ್ಲಿ ಅರ್ಧ ಪಾಲು, ಕಾಲು ಪಾಲು ಎಂದು ಲೆಕ್ಕ ಹಾಕಿ ಒಂದೊಂದಕ್ಕೂ ಒಂದೊಂದು ಹೆಸರು ಇಟ್ಟಿದ್ದರು.

1830ರ ಕೊನೆಗೆ ಸ್ವತಂತ್ರ ಬಣ್ಣದವರಿಗೆ ಪೌರ ಹಕ್ಕು ಬಂತು. ಮರುವರ್ಷ ಯೆಹೂದಿಗಳಿಗೆ ಬಂತು. ಹುಡುಗನಿಗೆ ಆಗ ಹತ್ತು ವರ್ಷದ ಆಸುಪಾಸು. ಒಂದೇ ವರ್ಷದ ಅಂತರದಲ್ಲಿ ಅವನ ಅಮ್ಮನ ಕುಲಕ್ಕೂ ಅಪ್ಪನ ಕುಲಕ್ಕೂ ಬಾಗಿಲು ತೆರೆಯಿತು. ಸ್ಟೀಬೆಲ್ ಹತ್ತು ವರ್ಷ ಮೊದಲು ಹುಟ್ಟಿದ್ದರೆ ಅದೇ ಜಾಣತನ, ಅದೇ ಶ್ರಮವಿದ್ದೂ ಅವನ ತಾರುಣ್ಯ ಆ ಮುಚ್ಚಿದ ಬಾಗಿಲ ಹೊರಗೇ ಕಳೆಯುತ್ತಿತ್ತು. 1834ರ ಆಗಸ್ಟ್ 1ರಂದು ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಜಮೈಕಾ ಒಂದರಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ಆದರೂ ಅವರು ಇನ್ನೂ ನಾಲ್ಕು ವರ್ಷ 'ಕಲಿಕೆಯ ಆಳು' ಎಂಬ ಹೆಸರಿನಲ್ಲಿ ಹಳೆಯ ಯಜಮಾನನಿಗೇ ದುಡಿಯಬೇಕಾಯಿತು. ಪೂರ್ಣ ಬಿಡುಗಡೆ 1838ರಲ್ಲಿ. ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಅದು ಹೋದದ್ದು ಯಜಮಾನರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಬಂಡವಾಳದ ಮಾತು ಬಂದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಇಡೀ ಒಂದು ಜನಾಂಗವನ್ನು ಬರಿಗೈಯಲ್ಲಿ ಸಂತೆಗೆ ಕಳಿಸಿದ ಹಾಗೆ.

ಹದಿನಾಲ್ಕನೇ ವಯಸ್ಸಿಗೆ ಹುಡುಗ ಶಾಲೆ ಬಿಟ್ಟ, ಬಡಗಿಯ ಕೈಕೆಳಗೆ ಸೇರಿದ. ಹತ್ತೊಂಬತ್ತಕ್ಕೆ ಫೆರಿ ಇನ್ ಎಂಬ ಛತ್ರವನ್ನು ಹೊಸದಾಗಿ ಕಟ್ಟುವ ಕೆಲಸದಲ್ಲಿದ್ದ. ಕಿಂಗ್‌ಸ್ಟನ್ನಿಗೂ ಆಗಿನ ರಾಜಧಾನಿ ಸ್ಪ್ಯಾನಿಷ್ ಟೌನಿಗೂ ನಡುವಿನ ದಾರಿಯಲ್ಲಿ ಕುದುರೆಗಾಡಿಗಳು ನಿಲ್ಲುತ್ತಿದ್ದ ಜಾಗ ಅದು. ಅಧಿಕಾರಿಗಳು, ವ್ಯಾಪಾರಿಗಳು, ತೋಟದ ಯಜಮಾನರು ಎಲ್ಲರೂ ಇಳಿದು ಕುಡಿದು ಉಂಡು ಹೋಗುತ್ತಿದ್ದರು. ಮರ ಕೊರೆಯುತ್ತಿದ್ದ ಹುಡುಗನ ಕಿವಿಗೆ ಎಲ್ಲಿ ಯಾವ ಸರಕಿಗೆ ಬೆಲೆ ಏರಿದೆ, ಯಾರ ತೋಟ ಅಡವಿಗೆ ಬಿದ್ದಿದೆ ಎಂಬ ಮಾತುಗಳು ಬೀಳುತ್ತಿದ್ದಿರಬೇಕು. ಇದು ನನ್ನ ಊಹೆ. ಆದರೆ ದಾರಿಬದಿಯ ಛತ್ರಕ್ಕಿಂತ ದೊಡ್ಡ ವ್ಯಾಪಾರದ ಪಾಠಶಾಲೆ ಇಲ್ಲ.

ಆಗ ಅಪ್ಪ ದುಡ್ಡು ಕೊಟ್ಟ. ಆ ದುಡ್ಡಿನಲ್ಲಿ ಮಗ ಹಡಗು ಕೊಂಡ. ಉತ್ತರ ಅಮೆರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಸರಕು ಸಾಗಿಸತೊಡಗಿದ. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಂಡವಾಳ ವ್ಯಾಪಾರಿ ಅಪ್ಪನದು. 'ಏನೂ ಇಲ್ಲದೆ ಬೆಳೆದ' ಎಂದು ಹೇಳುವುದು ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಅವನ ಜೊತೆ ಉಳಿ ಹಿಡಿದಿದ್ದ, ಅಷ್ಟೇ ಚುರುಕಾಗಿದ್ದ ಬೇರೆ ಹುಡುಗರ ಅಪ್ಪಂದಿರ ಬಳಿ ಕೊಡಲಿಕ್ಕೆ ದುಡ್ಡಿರಲಿಲ್ಲ. ಅವರು ಬಡಗಿಗಳಾಗಿಯೇ ಸತ್ತರು.

ಹಡಗಿನ ವರ್ಷಗಳು ಅಷ್ಟೇನೂ ಶುಭ್ರವಾಗಿರಲಿಲ್ಲ. ಕ್ಯೂಬಾಕ್ಕೆ ಬಂದೂಕು ಸಾಗಿಸಿ ಸಿಕ್ಕಿಬಿದ್ದು, ಅಲ್ಲಿನ ಸೆರೆಮನೆಯಲ್ಲಿದ್ದು ಬಂದ. ಕ್ಯೂಬಾ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು, ಅಲ್ಲಿ ಗುಲಾಮಗಿರಿ ಇನ್ನೂ ಜೀವಂತವಾಗಿತ್ತು. ಹೇಳುವವರು ಇದನ್ನು ಸಾಹಸದ ಕಥೆಯಂತೆ ಹೇಳುತ್ತಾರೆ. ನಾನು ಇದನ್ನು ಮುಚ್ಚಿಡುವುದೂ ಇಲ್ಲ, ಹೊಗಳುವುದೂ ಇಲ್ಲ. ಆ ಸಮುದ್ರದಲ್ಲಿ ನೇರ ವ್ಯಾಪಾರಕ್ಕೂ ಕಳ್ಳ ವ್ಯಾಪಾರಕ್ಕೂ ನಡುವಿನ ಗೆರೆ ಮೊದಲಿನಿಂದಲೂ ತೆಳುವಾಗಿತ್ತು.

1851ರಲ್ಲಿ ಮದುವೆಯಾಯಿತು. ಹುಡುಗಿ ಮ್ಯಾಗ್ಡಲೀನ್ ಬೇಕರ್, ಮೊರೇವಿಯನ್ ಪಂಗಡದ ಮಿಷನರಿಯ ಮಗಳು. ಆ ಪಂಗಡದವರು 1754ರಿಂದ ಜಮೈಕಾದಲ್ಲಿ ಗುಲಾಮರ ನಡುವೆ ಧರ್ಮಪ್ರಚಾರ ಮಾಡಿಕೊಂಡು ಬಂದವರು. ಆದರೂ ಮಗಳು ಮಿಶ್ರ ಬಣ್ಣದ ಹಡಗು ವ್ಯಾಪಾರಿಯನ್ನು ಕಟ್ಟಿಕೊಳ್ಳುವುದು ಹೆತ್ತವರಿಗೆ ಒಪ್ಪಿಗೆಯಾಗಲಿಲ್ಲ. ಅವಳು ಕಟ್ಟಿಕೊಂಡಳು. ಎರಡು ಮಕ್ಕಳಾದವು. ಕೆಲವೇ ವರ್ಷಗಳಲ್ಲಿ ಗಂಡ ವೆನೆಜುವೆಲಾಕ್ಕೆ ಹೊರಟುಹೋದ.

ಅಲ್ಲಿ ಅವನು ಮುಳುಗಿದ. ಕಥೆ ಹೇಳುವವರ ಪ್ರಕಾರ ಹಡಗುಗಳು ಆ ಕರಾವಳಿಯಲ್ಲೇ ಹೋದವು, ಕೈಯಲ್ಲಿ ಉಳಿದದ್ದು ಅಲ್ಪಸ್ವಲ್ಪ. ಮೂವತ್ತರ ಮೇಲೆ ವಯಸ್ಸಾದ, ಊರಿನಲ್ಲಿ ಹೆಂಡತಿ ಮಕ್ಕಳಿದ್ದ, ಒಂದು ಕಾಲಕ್ಕೆ ಹಡಗಿನ ಒಡೆಯನಾಗಿದ್ದ ಆ ಮನುಷ್ಯ ಸರಕಿನ ಗಂಟು ಹೊತ್ತು ಊರೂರು ತಿರುಗಿ ಮಾರತೊಡಗಿದ.

ನನ್ನ ಮಟ್ಟಿಗೆ ಸ್ಟೀಬೆಲ್ಲನ ಬದುಕಿನ ನಡುಗಂಬ ಇದು. ನನ್ನ ಅಜ್ಜ ಗುಳೇದಗುಡ್ಡದ ಖಣದ ಗಂಟು ಹೆಗಲ ಮೇಲಿಟ್ಟುಕೊಂಡು ಗದಗ, ರೋಣದ ಕಡೆಯ ಸಂತೆಗಳಿಗೆ ನಡೆದು ಹೋಗುತ್ತಿದ್ದವರು. ಗಂಟು ಹೊತ್ತು ಮಾರುವವನಿಗೆ ಅಂಗಡಿಯಲ್ಲಿ ಕೂತವನಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಗೊತ್ತಿರುತ್ತವೆ ಎಂದು ಅವರು ಹೇಳುತ್ತಿದ್ದರು. ಯಾವ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾವ ಹಳ್ಳಿಯಲ್ಲಿ ಬೆಳೆ ಕೈಕೊಟ್ಟಿದೆ, ಯಾರ ಮಾತಿಗೆ ಬೆಲೆ ಇದೆ, ಯಾರಿಗೆ ಉದ್ರಿ ಕೊಡಬಾರದು. ಇವೆಲ್ಲ ಕಾಲಿನಿಂದ ಬರುವ ವಿದ್ಯೆ. ಅದಕ್ಕೇ ಸ್ಟೀಬೆಲ್ ಗಂಟು ಹೊತ್ತ ಎಂದು ಓದಿದಾಗ ನನಗೆ ಅವನು ಸೋತನೆಂದು ಅನಿಸಲಿಲ್ಲ. ಹಡಗಿನ ವ್ಯಾಪಾರಿ ಬಂದರುಗಳನ್ನು ಮಾತ್ರ ಬಲ್ಲ. ಗಂಟು ಹೊತ್ತವನು ಒಳನಾಡನ್ನು ಕಲಿತ.

ಅದೂ ಎಂಥ ಕಾಲದಲ್ಲಿ! ವೆನೆಜುವೆಲಾದಲ್ಲಿ 1859ರಿಂದ 1863ರವರೆಗೆ ಒಳಯುದ್ಧ ನಡೆಯಿತು. ಅದನ್ನು ಫೆಡರಲ್ ಯುದ್ಧ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಕುದುರೆ ಸವಾರರ ದಂಡುಗಳು ಊರು ಸುಡುತ್ತಾ ತಿರುಗುತ್ತಿದ್ದ ವರ್ಷಗಳು. ಸ್ಪ್ಯಾನಿಷ್ ಮಾತಿನ ನಾಡಿನಲ್ಲಿ, ಇಂಗ್ಲಿಷ್ ದ್ವೀಪದ ಕಂದು ಮೈಬಣ್ಣದ ಪರಕೀಯ, ಸೂಜಿ, ದಾರ, ಬಟ್ಟೆಯಂಥ ಸರಕು ಹಿಡಿದು ಬಾಗಿಲು ಬಾಗಿಲಿಗೆ ಹೋಗಿ ನಿಲ್ಲುವುದನ್ನು ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೇನೆ.

ಅದೇ ಕಾಲಕ್ಕೆ ದೇಶದ ಆಗ್ನೇಯ ಮೂಲೆಯಲ್ಲಿ, ಯುರುವಾರಿ ನದಿಯ ಸೀಮೆಯಲ್ಲಿ, ಚಿನ್ನದ ಸುದ್ದಿ ಎದ್ದಿತ್ತು. ಒರಿನೋಕೊ ನದಿಯ ಮೇಲಿನ ಸಿಯುದಾದ್ ಬೊಲಿವಾರ್ ಪಟ್ಟಣದಲ್ಲಿ ದೋಣಿಯಿಂದಿಳಿದು, ಅಲ್ಲಿಂದ ಕತ್ತೆ, ಹೇಸರಗತ್ತೆಗಳ ಮೇಲೆ ದಿನಗಟ್ಟಲೆ ಪಯಣಿಸಿದರೆ ಎಲ್ ಕಲ್ಲಾವೊ ಎಂಬ ಗಣಿಯ ಊರು. 1870ರ ಹೊತ್ತಿಗೆ ಅಲ್ಲಿ ದೊಡ್ಡ ಕಂಪನಿ ಕಟ್ಟಿ ಗಣಿಗಾರಿಕೆ ನಡೆಸಿದರು. 1880ರ ದಶಕದಲ್ಲಿ ಅದು ಜಗತ್ತಿನ ಅತಿ ಸಂಪನ್ನ ಚಿನ್ನದ ಗಣಿಗಳಲ್ಲಿ ಒಂದೆನಿಸಿತ್ತು. ಟ್ರಿನಿಡಾಡ್ ಮುಂತಾದ ದ್ವೀಪಗಳಿಂದ ಕರಿಯ ಕೆಲಸಗಾರರು ಸಾಲುಗಟ್ಟಿ ಹೋದರು. ಅವರು ಹೊತ್ತೊಯ್ದ ಕ್ಯಾಲಿಪ್ಸೊ ಹಾಡು ಇಂದಿಗೂ ಎಲ್ ಕಲ್ಲಾವೊ ಜಾತ್ರೆಯಲ್ಲಿ ಕೇಳುತ್ತದೆ. 2016ರಲ್ಲಿ ಯುನೆಸ್ಕೊ ಆ ಜಾತ್ರೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿನ್ನ ಅಗೆದವರ ಹೆಸರು ಯಾರಿಗೂ ಗೊತ್ತಿಲ್ಲ, ಹಾಡು ಮಾತ್ರ ಉಳಿದಿದೆ.

ಸ್ಟೀಬೆಲ್ ಬೇರೆಯವರ ಜೊತೆ ಪಾಲುಗಾರನಾಗಿ ವೆನೆಜುವೆಲಾದ ಚಿನ್ನದ ಗಣಿಗೆ ಹಣ ಹಾಕಿದ. ಗಣಿ ಒಲಿಯಿತು. ಎಲ್ಲರೂ ಈ ಕಡೆಯ ವಾಕ್ಯವನ್ನೇ ಹಿಡಿದು ಅದೃಷ್ಟ ಎನ್ನುತ್ತಾರೆ. ಗಣಿಯಲ್ಲಿ ಅದೃಷ್ಟವಿಲ್ಲ ಎಂದು ನಾನೂ ಹೇಳಲಾರೆ. ಆದರೆ ಅದೃಷ್ಟ ಬಂದಾಗ ಪಾಲು ಹಾಕಲಿಕ್ಕೆ ಅವನ ಕೈಯಲ್ಲಿ ಹಣವಿತ್ತು, ಯಾರನ್ನು ನಂಬಬೇಕೆಂಬ ಅಂದಾಜಿತ್ತು, ಆ ನಾಡಿನ ಭಾಷೆಯಿತ್ತು. ಗಂಟು ಹೊತ್ತ ವರ್ಷಗಳಲ್ಲಿ ಅವನು ಗಳಿಸಿದ್ದು ಅವನ್ನೇ. ಸುಮಾರು ಹದಿನೈದು ವರ್ಷ ಕಳೆದ ಮೇಲೆ, 1873ರಲ್ಲಿ, ಅವನು ಜಮೈಕಾಕ್ಕೆ ಹಿಂತಿರುಗಿದ. ವಯಸ್ಸು ಐವತ್ತು ದಾಟಿತ್ತು.

ಅವನು ಇಲ್ಲದಿದ್ದ ಆ ವರ್ಷಗಳಲ್ಲಿ ಜಮೈಕಾದಲ್ಲಿ ಏನಾಯಿತೆಂದು ಹೇಳದೆ ಮುಂದೆ ಹೋಗಲಾರೆ. ಅವನದೇ ವಯಸ್ಸಿನ ಇನ್ನೊಬ್ಬನಿದ್ದ, ಜಾರ್ಜ್ ವಿಲಿಯಂ ಗಾರ್ಡನ್. ಅವನೂ 1820ರ ಸುಮಾರಿಗೆ ಹುಟ್ಟಿದವನು. ಅಪ್ಪ ಸ್ಕಾಟ್ಲೆಂಡಿನ ಜಮೀನ್ದಾರ, ಅಮ್ಮ ಗುಲಾಮ ಹೆಂಗಸು. ತಾನಾಗಿ ಓದು ಕಲಿತು, ಕಿಂಗ್‌ಸ್ಟನ್ನಿನಲ್ಲಿ ಅಂಗಡಿ ಹಾಕಿ, ಬೆಳೆದು, ಭೂಮಿ ಕೊಂಡು, ಶಾಸನಸಭೆಗೂ ಆರಿಸಿ ಬಂದ. ಸಭೆಯಲ್ಲಿ ಬಡವರ ಪರವಾಗಿ ಗವರ್ನರ್ ಐರ್‌ನನ್ನು ಎದುರು ಹಾಕಿಕೊಂಡ. 1865ರ ಅಕ್ಟೋಬರ್ 11ರಂದು ಪಾಲ್ ಬೋಗಲ್ ಎಂಬ ಡೀಕನ್ ಮುಂದಾಳತ್ವದಲ್ಲಿ ಬಡ ರೈತರು ಮೊರಾಂಟ್ ಬೇ ನ್ಯಾಯಾಲಯಕ್ಕೆ ಮೆರವಣಿಗೆ ಹೋದರು. ಗುಂಡು ಹಾರಿತು, ದಂಗೆ ಎದ್ದಿತು. ಅದನ್ನು ಅಡಗಿಸಲು ಸೈನ್ಯ 400ಕ್ಕೂ ಹೆಚ್ಚು ಜನರನ್ನು ಕೊಂದಿತು. ಗಾರ್ಡನ್ ಆ ದಿನ ಅಲ್ಲಿರಲೇ ಇಲ್ಲ. ಆದರೂ ಅವನನ್ನು ಕಿಂಗ್‌ಸ್ಟನ್ನಿನಲ್ಲಿ ಹಿಡಿದು, ಸೈನಿಕ ಕಾನೂನು ಜಾರಿಯಲ್ಲಿದ್ದ ಮೊರಾಂಟ್ ಬೇಗೆ ಸಾಗಿಸಿ, ಅಕ್ಟೋಬರ್ 23ರಂದು ನೇಣಿಗೆ ಹಾಕಿದರು.

ಇಬ್ಬರೂ ಜಾರ್ಜರು, ಒಂದೇ ಓರಗೆಯವರು, ಒಂದೇ ಊರಿನ ವ್ಯಾಪಾರಿಗಳು, ಇಬ್ಬರಿಗೂ ಬಿಳಿಯ ಅಪ್ಪ, ಕರಿಯ ಅಮ್ಮ. ಒಬ್ಬ ಊರಲ್ಲೇ ಇದ್ದು ಮಾತಾಡಿದ. ಅವನನ್ನು ಕೊಂದರು. ಇನ್ನೊಬ್ಬ ಕಡಲಾಚೆ ಗಂಟು ಹೊತ್ತು ತಿರುಗುತ್ತಿದ್ದ, ಬದುಕಿ ಬಂದ. ಸ್ಟೀಬೆಲ್ ಮರಳುವ ಹೊತ್ತಿಗೆ ಹಳೆಯ ಶಾಸನಸಭೆ ಇರಲಿಲ್ಲ. 1866ರಿಂದ ಜಮೈಕಾ ನೇರವಾಗಿ ಲಂಡನ್ನಿನ ಆಳ್ವಿಕೆಗೆ ಒಳಪಟ್ಟಿತ್ತು. 1872ರಲ್ಲಿ ರಾಜಧಾನಿಯೂ ಸ್ಪ್ಯಾನಿಷ್ ಟೌನಿನಿಂದ ಕಿಂಗ್‌ಸ್ಟನ್ನಿಗೆ ಬಂದಿತ್ತು.

ಸಕ್ಕರೆಯ ಹಳೆಯ ದೊರೆಗಳೂ ಬಡಕಲಾಗಿದ್ದರು. ಅದಕ್ಕೆ ಕಾರಣ 1846ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಸಕ್ಕರೆ ಸುಂಕದ ಕಾಯಿದೆ. ಅಲ್ಲಿಯವರೆಗೆ ಜಮೈಕಾದ ಸಕ್ಕರೆಗೆ ಇಂಗ್ಲೆಂಡಿನಲ್ಲಿ ಸುಂಕದ ರಿಯಾಯಿತಿ ಇತ್ತು. ಆ ಕಾಯಿದೆ ಹಂತಹಂತವಾಗಿ ಅದನ್ನು ತೆಗೆದುಹಾಕಿತು. ಕ್ಯೂಬಾ, ಬ್ರೆಜಿಲ್ಲಿನ ಗುಲಾಮರು ಬೆಳೆದ ಅಗ್ಗದ ಸಕ್ಕರೆ ಅದೇ ಸುಂಕಕ್ಕೆ ಇಂಗ್ಲೆಂಡಿಗೆ ಬಂದಿಳಿಯಿತು. ಜಮೈಕಾದ ತೋಟಗಳು ಒಂದೊಂದಾಗಿ ಸಾಲಕ್ಕೆ ಬಿದ್ದವು, ಪಾಳು ಬಿದ್ದವು. ಭೂಮಿ ಮಾರುವವರೇ ಎಲ್ಲ, ಕೊಳ್ಳುವವರಿಲ್ಲ. ಅಂಥ ಪೇಟೆಗೆ ಚಿನ್ನದ ಹಣ ಹಿಡಿದು ಸ್ಟೀಬೆಲ್ ಕಾಲಿಟ್ಟ.

ಕೊಂಡ. ಕೊಂಡೇ ಕೊಂಡ. ಎರಡು ಸಕ್ಕರೆ ತೋಟ, ಚರ್ಚ್ ಬೀದಿಯ ಕಡಲ ಕಟ್ಟೆ, ಗ್ರೇಟ್ ಸಾಲ್ಟ್ ಪಾಂಡ್ ಬಳಿ ಒಂದು ಮನೆ, ಸೇಂಟ್ ಆನ್ ಸೀಮೆಯಲ್ಲಿ ದನ ಸಾಕುವ ಮಿನಾರ್ಡ್. ಒಟ್ಟು 99 ಆಸ್ತಿಗಳಿದ್ದವು ಎನ್ನುತ್ತಾರೆ. ನೂರು ಆಸ್ತಿ ಒಬ್ಬನಿಗೆ ಇರಬಾರದೆಂಬ ಕಾನೂನಿತ್ತು, ಅದಕ್ಕೇ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿದ ಎಂದು ಜನ ಸೇರಿಸುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಕಡಲ ಕಟ್ಟೆ ಕೊಂಡದ್ದೇ ನನಗೆ ಹೆಚ್ಚು ಹಿಡಿಸಿತು. ಸಕ್ಕರೆಗೆ ಬೆಲೆ ಬರಲಿ, ಬೀಳಲಿ, ಸರಕು ಇಳಿಯುವ ಕಟ್ಟೆಗೆ ಬಾಡಿಗೆ ಬಂದೇ ಬರುತ್ತದೆ. ಅದು ಬಂದರು ಬಲ್ಲ ವ್ಯಾಪಾರಿಯ ಬುದ್ಧಿ, ಅಪ್ಪನಿಂದ ಬಂದದ್ದು.

ಇಲ್ಲಿ ನನಗೊಂದು ಕಸಿವಿಸಿಯೂ ಇದೆ. ಅಮ್ಮನ ಜನ ಬೆವರು ಸುರಿಸಿದ ಸಕ್ಕರೆ ತೋಟಗಳಿಗೆ ಮಗ ಯಜಮಾನನಾದ. ಆ ಹೊತ್ತಿಗೆ ಅಂಥ ತೋಟಗಳಲ್ಲಿ ಕೂಲಿ ಬಹಳ ಕಡಿಮೆ ಇತ್ತು. 1845ರ ಮೇ 10ರಂದು 'ಬ್ಲಂಡೆಲ್' ಎಂಬ ಹಡಗು ಓಲ್ಡ್ ಹಾರ್ಬರ್ ಬೇ ಬಂದರಿಗೆ ಮೊದಲ ಭಾರತೀಯ ಕರಾರು ಕೂಲಿಗಳನ್ನು ತಂದಿತ್ತು. 1917ರವರೆಗೆ ಹೀಗೆ ಬಂದವರು 36,000ಕ್ಕೂ ಹೆಚ್ಚು. ದ್ವೀಪದ ಸಕ್ಕರೆ ನಿಂತಿದ್ದು ಇಂಥವರ ಬೆನ್ನ ಮೇಲೆ. ಸ್ಟೀಬೆಲ್ ಆ ವ್ಯವಸ್ಥೆಯನ್ನು ಮುರಿದವನಲ್ಲ. ಅದರ ಮೇಲಿನ ಮೆಟ್ಟಿಲಿಗೆ ಹತ್ತಿ ಕೂತವನು. ಗಾರ್ಡನ್ ಜಮೈಕಾದ ರಾಷ್ಟ್ರವೀರನೆಂದು 1969ರಲ್ಲಿ ಘೋಷಿತನಾದ, ಸ್ಟೀಬೆಲ್ ಆಗಲಿಲ್ಲ. ಅದು ನ್ಯಾಯವೇ.

ಆದರೆ ಮೆಟ್ಟಿಲು ಹತ್ತಿ ಕೂರುವುದೂ ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಊರ ಹೊರಗೆ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಡೆವನ್ ಪೆನ್ ಎಂಬ ಜಾಗವಿತ್ತು. ಜಮೈಕಾದಲ್ಲಿ ಪೆನ್ ಎಂದರೆ ದನಗಳ ದೊಡ್ಡಿ, ಹುಲ್ಲುಗಾವಲು. ಐವತ್ತು ಎಕರೆಗೂ ಮಿಕ್ಕ ಆ ಜಾಗ ಕೊಂಡು, 1881ರಲ್ಲಿ ಮನೆ ಕಟ್ಟಿಸಿದ. ಹೋಪ್ ರಸ್ತೆ, ಟ್ರಫಾಲ್ಗರ್ ರಸ್ತೆ ಸೇರುವ ಆ ಮೂಲೆಯಲ್ಲಿ ಇನ್ನೂ ಎರಡು ಶ್ರೀಮಂತರ ಬಂಗಲೆಗಳು ಎದ್ದವು. ಊರವರು ಅದಕ್ಕೆ ಲಕ್ಷಾಧೀಶರ ಮೂಲೆ ಎಂದು ಹೆಸರಿಟ್ಟರು. ಗವರ್ನರನ ನಿವಾಸ ಕಿಂಗ್ಸ್ ಹೌಸ್ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ.

ಕಿಂಗ್‌ಸ್ಟನ್ನಿನಲ್ಲಿ ಯಾರನ್ನು ಕೇಳಿದರೂ ಹೇಳುವ ಕಥೆ ಹುಟ್ಟಿದ್ದು ಇಲ್ಲೇ. ಆಗಿನ ಗವರ್ನರ್ ಸರ್ ಆಂಥನಿ ಮಸ್‌ಗ್ರೇವ್. ಅವನ ಹೆಂಡತಿ ಗಾಡಿಯಲ್ಲಿ ಪೇಟೆಗೆ ಹೋಗುವಾಗ ಕರಿಯನೊಬ್ಬನ ಅಂಥ ವೈಭವದ ಮನೆಯನ್ನು ದಿನವೂ ನೋಡಬೇಕಾಯಿತಂತೆ. ಸಹಿಸಲಾರದೆ ಬಳಸು ದಾರಿಯೊಂದನ್ನು ಮಾಡಿಸಿದಳಂತೆ. ಇಂದಿಗೂ ಆ ರಸ್ತೆಯ ಹೆಸರು ಲೇಡಿ ಮಸ್‌ಗ್ರೇವ್ ರಸ್ತೆ. ಮಗಳ ಜೊತೆ ಎಷ್ಟೋ ಸಲ ಅದರಲ್ಲಿ ಹೋಗಿದ್ದೇನೆ. ಕಥೆ ನಿಜವೇ? ಕಾಲ ಹೊಂದುತ್ತದೆ, ಮಸ್‌ಗ್ರೇವ್ 1877ರಿಂದ 1883ರವರೆಗೆ ಅಲ್ಲಿದ್ದ. ಆದರೆ ಆ ಹೆಂಗಸು ಅಮೆರಿಕದ ಹೆಸರಾಂತ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ಮಗಳು. ಬಡ ಹೆಂಗಸರು ಹೊಲಿಗೆ, ಕೈಗೆಲಸದಿಂದ ಸಂಪಾದಿಸಲಿ ಎಂದು ಕಿಂಗ್‌ಸ್ಟನ್ನಿನಲ್ಲಿ ಸ್ವಸಹಾಯ ಸಂಘ ಕಟ್ಟಿದವಳು. ಒಬ್ಬ ಹೆಂಗಸಿನ ಮೇಲೆ ಪುರಾವೆಯಿಲ್ಲದೆ ಇಂಥ ಮಾತು ಹೊರಿಸಲು ನನಗೆ ಮನಸ್ಸಿಲ್ಲ. ಕಥೆ ನೂರ ನಲವತ್ತು ವರ್ಷ ಬದುಕಿರುವುದು ಮಾತ್ರ ನಿಜ. ಬಿಳಿಯರು ಮುಖ ತಿರುಗಿಸುವಂಥ ಮನೆಯನ್ನು ನಮ್ಮವನೊಬ್ಬ ಕಟ್ಟಿದ ಎಂದು ಹೇಳಿಕೊಳ್ಳುವ ಆಸೆ ಒಂದು ಜನಕ್ಕೆ ಎಷ್ಟಿತ್ತೆಂದು ಅದು ತೋರಿಸುತ್ತದೆ.

ಮನೆಯೊಳಗೆ ಹೋದದ್ದು ನಾನು ಎರಡನೇ ಭೇಟಿಯಲ್ಲಿ. ಹಳೆಯ ಕಾಲದ ಉಡುಪು ಉಟ್ಟ ಯುವತಿ ಒಂದೊಂದೇ ಕೋಣೆ ತೋರಿಸಿದಳು. ನೃತ್ಯದ ಕೋಣೆಯಲ್ಲಿ ದೊಡ್ಡ ದೀಪಗೊಂಚಲು. ಎತ್ತರದ ಸೂರು. ಗಾಳಿ ಆಡಲೆಂದು ಮರದ ಪಟ್ಟಿಗಳ ಕಿಟಕಿಗಳು, ಒಂದರೆದುರು ಒಂದು. ಹೊರಗೆ ಮೂವತ್ತೆರಡು ಡಿಗ್ರಿ ಬಿಸಿಲು, ಒಳಗೆ ತಂಪು. ಅಟ್ಟದಲ್ಲಿ ಇಸ್ಪೀಟು ಆಡುವ ಕೋಣೆಯಿದೆ. ಪೀಠೋಪಕರಣಗಳಲ್ಲಿ ಬಹುಪಾಲು ಸ್ಟೀಬೆಲ್ಲನದಲ್ಲ, ಆಮೇಲೆ ಆ ಕಾಲದ್ದನ್ನೇ ಹುಡುಕಿ ತಂದು ಜೋಡಿಸಿದ್ದು. ನಾನು ನೋಡುತ್ತಿದ್ದುದು ಬಾಗಿಲ ಚೌಕಟ್ಟುಗಳನ್ನು, ಮೆಟ್ಟಿಲ ಕಟಕಟೆಯನ್ನು, ಮರಕ್ಕೆ ಮರ ಕೂಡಿಸಿದ ಸಂದುಗಳನ್ನು. ಅರವತ್ತು ವರ್ಷದ ಸಾಹುಕಾರ ಈ ಮನೆ ಏಳುತ್ತಿದ್ದಾಗ ದಿನಾ ಬಂದು ನಿಂತು, ಬಡಗಿಗಳ ಕೆಲಸದ ಮೇಲೆ ಬೆರಳು ಆಡಿಸಿ ನೋಡಿರುತ್ತಾನೆ. ಹತ್ತೊಂಬತ್ತರಲ್ಲಿ ಫೆರಿ ಇನ್ನಿನ ಮರ ಕೊರೆದ ಕೈ ಅದು. 1907ರ ಜನವರಿ 14ರ ಭೂಕಂಪದಲ್ಲಿ ಕಿಂಗ್‌ಸ್ಟನ್ ಪೇಟೆ ನೆಲಸಮವಾಗಿ, ಬೆಂಕಿ ಹೊತ್ತಿ ಉರಿದಾಗಲೂ ಈ ಮನೆ ನಿಂತೇ ಇತ್ತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಸ್ಟೀಬೆಲ್ ಸೇಂಟ್ ಆಂಡ್ರ್ಯೂ ಸೀಮೆಯ ಕಸ್ಟೋಸ್ ಆದ. ಕಸ್ಟೋಸ್ ಎಂದರೆ ಆ ಸೀಮೆಯಲ್ಲಿ ದೊರೆಯ ಪ್ರತಿನಿಧಿ, ಮುಖ್ಯ ಮ್ಯಾಜಿಸ್ಟ್ರೇಟ್. ಬ್ರಿಟಿಷ್ ರಾಣಿಯಿಂದ ಸಿ.ಎಂ.ಜಿ. ಬಿರುದೂ ಬಂತು. ಮಗ ಅಪ್ಪನಿಗಿಂತ ಮೊದಲೇ ತೀರಿಕೊಂಡ. 1892ರಲ್ಲಿ ಮ್ಯಾಗ್ಡಲೀನ್ ಹೋದಳು. ಹೆತ್ತವರ ಮಾತು ಮೀರಿ ಕೈಹಿಡಿದವನು ಹದಿನೈದು ವರ್ಷ ಪರದೇಶದಲ್ಲಿದ್ದಾಗ ಮಕ್ಕಳನ್ನು ಸಾಕಿದ ಆ ಹೆಂಗಸು ಈ ಮನೆಯಲ್ಲಿ ಬಾಳಿದ್ದು ಹನ್ನೊಂದೇ ವರ್ಷ. ಅವಳ ಬಗ್ಗೆ ಯಾರಾದರೂ ಒಂದು ಪುಸ್ತಕ ಬರೆಯಬೇಕು. ನಾಲ್ಕು ವರ್ಷದ ನಂತರ, 1896ರಲ್ಲಿ, ಸ್ಟೀಬೆಲ್ಲನೂ ಹೋದ. ಮಗಳು ತೆರೇಸಾ, ಮುಂದೆ ಕಿಂಗ್‌ಸ್ಟನ್ನಿನ ಮೇಯರ್ ಆದ ರಿಚರ್ಡ್ ಹಿಲ್ ಜಾಕ್ಸನ್ ಎಂಬ ವಕೀಲನನ್ನು ಮದುವೆಯಾಗಿದ್ದಳು. ಮನೆ 1923ರ ತನಕ ವಂಶದ ಕೈಯಲ್ಲಿತ್ತು. ಆಮೇಲೆ ಮೆಲ್ಹಾಡೊ ಎಂಬುವರಿಗೆ, 1928ರಲ್ಲಿ ಸೆಸಿಲ್ ಲಿಂಡೊಗೆ ಮಾರಾಟವಾಯಿತು. ಜೆ. ರೇ ಅಂಡ್ ನೆಫ್ಯೂ ಎಂಬ ಹೆಸರಾಂತ ರಮ್ ಕಂಪನಿ ಆಗ ಈ ಲಿಂಡೊ ಮನೆತನದ್ದು; ಅವರೂ ಯೆಹೂದಿ ವ್ಯಾಪಾರಿ ಮನೆತನದವರೇ.

1960ರ ದಶಕದಲ್ಲಿ ಲಕ್ಷಾಧೀಶರ ಮೂಲೆಯ ಮೇಲೆ ಕಟ್ಟಡದವರ ಕಣ್ಣು ಬಿತ್ತು. ಬಹುಮಹಡಿ ಮನೆಗಳಿಗಾಗಿ ಉಳಿದೆರಡು ಬಂಗಲೆಗಳು ನೆಲಕ್ಕುರುಳಿದವು. ಡೆವನ್ ಹೌಸ್ ಸರದಿಯೂ ಬಂದಿತ್ತು. ಆಗ ಸಚಿವರಾಗಿದ್ದ ಎಡ್ವರ್ಡ್ ಸೀಗ ಅಡ್ಡ ಬಂದು ಸಂರಕ್ಷಣೆಯ ನೋಟಿಸು ಹೊರಡಿಸಿದರು. 1967ರಲ್ಲಿ ಸರ್ಕಾರ ಮನೆಯನ್ನು ಕೊಂಡಿತು. ಸೀಗ ಮುಂದೆ ಪ್ರಧಾನಿಯಾದರು. ಅವರ ಅಪ್ಪನ ಕಡೆಯವರು ಲೆಬನಾನಿನಿಂದ ಜಮೈಕಾಕ್ಕೆ ಬಂದವರು. ಆ ಕಡೆಯಿಂದ, ಬೆತ್ಲೆಹೇಮಿನ ಕಡೆಯಿಂದ ಬಂದ ಬಹಳ ಮಂದಿ ಮೊದಲು ಗಂಟು ಹೊತ್ತೇ ಬಟ್ಟೆ ಮಾರಿದವರು, ಆಮೇಲೆ ಅಂಗಡಿ ಇಟ್ಟವರು. ವ್ಯಾಪಾರಿಯ ಮಗ ಕಟ್ಟಿದ ಮನೆಯನ್ನು ಅಂಥ ವಲಸೆಗಾರರ ಕುಲದವರೊಬ್ಬರು ಉಳಿಸಿದರು.

1974ರಲ್ಲಿ ಜಮೈಕಾದ ರಾಷ್ಟ್ರೀಯ ಕಲಾ ಗ್ಯಾಲರಿ ಶುರುವಾದದ್ದೂ ಈ ಮನೆಯಲ್ಲೇ. ಎಂಟು ವರ್ಷ ಇಲ್ಲಿದ್ದು ಆಮೇಲೆ ಕಡಲ ದಂಡೆಯ ಕಟ್ಟಡಕ್ಕೆ ಹೋಯಿತು. 1990ರಲ್ಲಿ ಮನೆ ರಾಷ್ಟ್ರೀಯ ಸ್ಮಾರಕವಾಯಿತು. ಹಿಂದಿನ ಕುದುರೆ ಲಾಯ, ಆಳುಗಳ ಕೊಠಡಿಗಳಿದ್ದ ಅಂಗಳದಲ್ಲಿ ಈಗ ಅಂಗಡಿಗಳಿವೆ, ಬೇಕರಿಯಿದೆ, ಆ ಐಸ್‌ಕ್ರೀಮ್ ಕಟ್ಟೆಯಿದೆ.

'ಮೊದಲ ಕರಿಯ ಲಕ್ಷಾಧೀಶ' ಎಂಬ ಫಲಕ ನನಗೆ ಸಾಲದು ಅನಿಸುತ್ತದೆ. ಬಣ್ಣವನ್ನೂ ಹಣವನ್ನೂ ಹೇಳಿ ಅದು ನಿಂತುಬಿಡುತ್ತದೆ. ಮಗನನ್ನು ಮಗನೆಂದು ಒಪ್ಪಿ ಹಡಗಿಗೆ ದುಡ್ಡು ಕೊಟ್ಟ ಅಪ್ಪ ಅದರಲ್ಲಿಲ್ಲ. ಹೆಸರೂ ಉಳಿಯದ ಅಮ್ಮ ಇಲ್ಲ. ಕಾದು ಕೂತ ಹೆಂಡತಿ ಇಲ್ಲ. ಉಳಿ ಇಲ್ಲ, ಗಂಟು ಇಲ್ಲ. ಸಾಲದ ಮೇಜಿನ ಹಿಂದೆ ಕೂತು ನಾನು ಕಂಡ ಅತಿ ಗಟ್ಟಿ ವ್ಯಾಪಾರಿಗಳೆಲ್ಲ ಒಮ್ಮೆ ಪೂರಾ ಕಳೆದುಕೊಂಡು, ನಾಚಿಕೆ ಬಿಟ್ಟು, ಕೆಳಗಿನ ಕೆಲಸದಿಂದ ಮತ್ತೆ ಶುರು ಮಾಡಿದವರು. ಸ್ಟೀಬೆಲ್ ಅವರ ಸಾಲಿನವನು.

ಹೊರಡುವ ಹಿಂದಿನ ದಿನ ಮತ್ತೊಮ್ಮೆ ಅಲ್ಲಿಗೆ ಹೋಗಿದ್ದೆ. ಮಳೆ ಬಂದು ನಿಂತಿತ್ತು. ಮನೆ ನೋಡುವ ಟಿಕೆಟ್ ಕಿಟಕಿಯಲ್ಲಿ ನಾನೊಬ್ಬಳೇ. ಅಂಗಳದ ಐಸ್‌ಕ್ರೀಮ್ ಸಾಲು ಗೇಟಿನವರೆಗೆ ಇತ್ತು. ಕ್ರಿಕೆಟ್ ನೋಡಲಿಕ್ಕೋ, ಮಕ್ಕಳನ್ನು ಕಾಣಲಿಕ್ಕೋ ಕಿಂಗ್‌ಸ್ಟನ್ನಿಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಬಾಬ್ ಮಾರ್ಲಿಯ ಮನೆ ಅದೇ ಹೋಪ್ ರಸ್ತೆಯಲ್ಲಿ 56ನೇ ನಂಬರು, ಅದನ್ನು ಹೇಗೂ ನೋಡುತ್ತೀರಿ. 26ನೇ ನಂಬರಿನಲ್ಲಿ ಮೊದಲು ಮನೆಯೊಳಗೆ ಹೋಗಿ, ಬಾಗಿಲುಗಳನ್ನು ಮುಟ್ಟದೆ ಹತ್ತಿರದಿಂದ ನೋಡಿ, ಆಮೇಲೆ ಐಸ್‌ಕ್ರೀಮ್ ಸಾಲಿಗೆ ನಿಲ್ಲಿ.